ಅವಳ ಉಡಿ, ನನ್ನ ಸೆರಗು

ಅವಳನ್ನು ಹುಟ್ಟಿಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೋಗುತ್ತಾ ನನಗೇ ಇದರ ಮೇಲೆ ಅನುಮಾನ ಬರುತ್ತದೆ. ಜಗಳೂರು ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ಅಂಗಡಿ ಇಟ್ಟುಕೊಂಡಿರುವ ಹೆಂಗಸು, ನನ್ನ ಐದನೆಯ ಕಾದಂಬರಿಯ ಮುಖ್ಯ ಪಾತ್ರ. ಕಾದಂಬರಿಯಲ್ಲಿ ಅವಳಿಗೆ ಹೆಸರಿದೆ. ಇಲ್ಲಿ ಬರೆದರೆ ಎಲ್ಲಿ ತಿರುಗಿ ನೋಡಿಬಿಡುತ್ತಾಳೋ ಎಂಬ ಹೆದರಿಕೆಯಿಂದ ಬರೆಯುತ್ತಿಲ್ಲ.

ಅವಳು ನನ್ನ ಹಾಗೆ ಇರಬಾರದು ಎಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ನನ್ನ ಹಿಂದಿನ ನಾಲ್ಕೂ ಕಾದಂಬರಿಗಳಲ್ಲಿ ನಾಯಕಿ ಟೀಚರೇ ಆಗಿರುತ್ತಾಳೆ, ಲೇಖಕಿಗೆ ಕನ್ನಡಿ ಬಿಟ್ಟು ಬೇರೇನೂ ಕಾಣುವುದಿಲ್ಲವೇ ಎಂದು ಒಬ್ಬ ವಿಮರ್ಶಕರು ಬರೆದು ನನ್ನ ಹೊಟ್ಟೆ ಉರಿಸಿದ್ದರು. ಆ ಮನುಷ್ಯನ ಬಾಯಿ ಮುಚ್ಚಿಸಲೇಬೇಕು ಎಂದು ಈ ಸಲ ಹಟ ಹಿಡಿದೆ. ನಾನು ಉದ್ದ, ಅವಳನ್ನು ಗಿಡ್ಡ ಮಾಡಿದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಅವಳಿಗೆ ಸಹಿ ಮಾಡಲಷ್ಟೇ ಬರುತ್ತದೆ. ನಾನಿರುವುದು ಚನ್ನಗಿರಿಯಲ್ಲಿ, ಅವಳನ್ನು ಜಿಲ್ಲೆಯ ಆ ತುದಿಯ ಜಗಳೂರಿಗೆ ಕಳಿಸಿದೆ. ನನ್ನ ತವರು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ, ಹೊಳೆ ಕಡೆಯ ಊರು. ಅವಳ ತವರನ್ನು ಮಳೆ ನಂಬಿ ಬಿತ್ತುವ ಬಿಳಿಚೋಡಿನಲ್ಲಿಟ್ಟೆ. ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ಗಂಡನನ್ನು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿಟ್ಟೆ, ದಿನಾ ಬೆಳಿಗ್ಗೆ ಅವನೇ ಮಿರ್ಚಿಗೆ ಕಡಲೆಹಿಟ್ಟು ಕಲಸಿಕೊಡುತ್ತಾನೆ.

ಪಾತ್ರಗಳು ತಾವಾಗಿಯೇ ನಡೆಯುತ್ತವೆ, ನಾವು ಹಿಂದೆ ಹಿಂದೆ ಹೋಗುತ್ತೇವಷ್ಟೇ ಎಂದು ಸಭೆಗಳಲ್ಲಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಬರೆಯುವವಳು ನಾನು, ಸೊಂಟ ಹಿಡಿದುಕೊಳ್ಳುವುದು ನನ್ನದು, ಅವು ಹೇಗೆ ತಾವಾಗಿ ನಡೆಯುತ್ತವೆ? ನನ್ನದೊಂದು ಪದ್ಧತಿ ಇದೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಪಾತ್ರ ಏನು ಮಾಡಬೇಕು ಎಂದು ಬರೆದುಕೊಳ್ಳುತ್ತೇನೆ. ಅಧ್ಯಾಯ ಮುಗಿದ ಮೇಲೆ ಅದು ಏನು ಮಾಡಿತು ಎಂದು ಬಲಪುಟದಲ್ಲಿ ಬರೆಯುತ್ತೇನೆ. ಉಳಿದವರದೆಲ್ಲ ಎರಡೂ ಪುಟ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ಇವಳದು ತಾಳೆಯೇ ಆಗಲಿಲ್ಲ. ‘ಗಂಡನ ಮೇಲೆ ಕೂಗಾಡುತ್ತಾಳೆ’ ಎಂದು ಎಡಕ್ಕೆ ಬರೆದಿದ್ದರೆ ಬಲಕ್ಕೆ ‘ಮಿರ್ಚಿ ತಿರುವಿ ಹಾಕಿದಳು, ಮಾತಾಡಲಿಲ್ಲ’ ಎಂದಾಗುತ್ತಿತ್ತು. ಚನ್ನಗಿರಿಯ ಸಂತೆಯಲ್ಲಿ ಬದನೆಕಾಯಿ ಆರಿಸಿ ಚೀಲ ತುಂಬಿಕೊಂಡು ಮನೆಗೆ ಬಂದ ಮೇಲೆ, ಇದು ಅವಳಿಗೆ ಇಷ್ಟ, ನನಗೆ ಮೈ ಕಡಿತವಲ್ಲವೇ ಎಂದು ನೆನಪಾಗುತ್ತಿತ್ತು. ಸಿಟ್ಟು ಬಂದು ಅಷ್ಟನ್ನೂ ಪಕ್ಕದ ಮನೆಗೆ ಕೊಟ್ಟೆ.

ಕಾದಂಬರಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರತೊಡಗಿದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು. ನ್ಯಾಮತಿಯಲ್ಲಿ ಮಹಿಳಾ ಸಂಘದವರು ಮಾತಾಡಲು ಕರೆದಿದ್ದರು. ಅಲ್ಲಿ ಒಬ್ಬರು ಎದ್ದು ನಿಂತು, ಹೋದ ತಿಂಗಳು ಜಗಳೂರಿಗೆ ಹೋಗಿದ್ದಾಗ ನಿಮ್ಮ ಮಂಡಕ್ಕಿ ಅಂಗಡಿಗೆ ಹೋಗಿದ್ದೆ ಎಂದರು.

“ಅವರು ಆರಾಮಿದಾರೆ ಮೇಡಂ. ನಿಮ್ಮನ್ನ ಕೇಳ್ದೆ ಅಂತ ಹೇಳಾಕೆ ಹೇಳಿದ್ರು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸದ ಮೊದಲಲ್ಲಿ ಮೂರು ವರ್ಷ ನಾನು ಜಗಳೂರಿನಲ್ಲಿದ್ದದ್ದು ನಿಜ, ಅಲ್ಲಿ ಮಂಡಕ್ಕಿ ತಿಂದದ್ದೂ ನಿಜ. ಆದರೆ ಹೆಂಗಸೊಬ್ಬಳು ನಡೆಸುವ ಅಂಗಡಿ ಅಲ್ಲಿ ಇದ್ದದ್ದು ನನಗೆ ನೆನಪಿಲ್ಲ. ಹಾಗಾದರೆ ಈ ಹೆಂಗಸಿಗೆ ಮಂಡಕ್ಕಿ ಕೊಟ್ಟವರು ಯಾರು? ನನ್ನನ್ನು ಕೇಳಿದವರು ಯಾರು? ಚನ್ನಗಿರಿಗೆ ಬರುವವರೆಗೂ ಅದೇ ಯೋಚನೆ.

ಅತ್ತಿಗೆ ಮಾತ್ರ ಇಂಥ ಗೊಂದಲವೇ ಇಲ್ಲದ ಓದುಗರು. ಅತ್ತಿಗೆ ಎಂದರೆ ಸಾಸ್ವೆಹಳ್ಳಿಯ ನನ್ನ ಅಣ್ಣನ ಹೆಂಡತಿ, ಏಳನೇ ಕ್ಲಾಸಿನವರೆಗೆ ಓದಿದವರು. ಪತ್ರಿಕೆ ಗುರುವಾರ ಕೈಗೆ ಬಂದರೆ, ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಸಾಲಿನ ಮೇಲೆ ಬೆರಳಿಟ್ಟು ಓದಿ ಮುಗಿಸಿ, ತಕ್ಷಣ ಫೋನು.

“ಏನವ್ವ ಟೀಚರಮ್ಮ, ಆ ಹೆಣ್ಣುಮಗಳಿಗೆ ಒಂದು ಒಳ್ಳೆ ಸೀರೆ ಕೊಡ್ಸಾಕೆ ಆಗಲ್ವಾ ನಿಂಗೆ? ಹತ್ತು ವಾರದಿಂದ ಅದೇ ಎಣ್ಣೆ ಕಲೆ ಸೀರೆ ಉಡಿಸ್ತಾ ಇದೀಯಲ್ಲ!”

“ಅತ್ತಿಗೆ, ಅವಳು ದಿನಾ ಮಿರ್ಚಿ ಕರೀತಾಳೆ.”

“ಹಬ್ಬದ ದಿನಾನೂ ಕರೀತಾಳಾ? ನಿಂಗೆ ಬರೆಯಾಕೆ ಸೋಮಾರಿತನ, ಅಷ್ಟೇ.”

ಫೋನಿನಲ್ಲಿ ನಾವು ಹೀಗೆ ಜಗಳಾಡಿ ನಗುತ್ತಿದ್ದೆವು. ಆದರೆ ಮುಖ ನೋಡಿ ಬಹಳ ದಿನವಾಗಿತ್ತು. ಅದಕ್ಕೊಂದು ಕಾರಣವಿತ್ತು. ಅದನ್ನೂ ಹೇಳಿಬಿಡುತ್ತೇನೆ.

ನನ್ನ ಗಂಡ ತೀರಿಕೊಂಡ ಐದಾರು ತಿಂಗಳಿಗೆ ಅಣ್ಣನಿಗೆ ಎದೆನೋವು ಬಂದು, ದಾವಣಗೆರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ. ನೋಡಲು ಹೋಗಿ ಎರಡು ದಿನ ಇದ್ದೆ. ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಟರೆ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬಸದ ಕಣ ಅಂದರೆ ರವಿಕೆ ಬಟ್ಟೆ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ಮೂವತ್ತು ವರ್ಷದಲ್ಲಿ ಅತ್ತಿಗೆ ಒಂದು ಸಲವೂ ಇದನ್ನು ತಪ್ಪಿಸಿರಲಿಲ್ಲ. ಬಸ್ಸು ಬಂತು ಅಂದರೂ ಬಿಡುತ್ತಿರಲಿಲ್ಲ, ಬಸ್ಸೇ ಕಾಯಲಿ ಅನ್ನುತ್ತಿದ್ದರು. ಆ ದಿನ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಆಮೇಲೆ ಒಂದು ಚೀಲ ನುಗ್ಗೆಕಾಯಿ ತಂದು ಕೈಗಿಟ್ಟರು. ಮುಖ ನೋಡಲಿಲ್ಲ. ನಾನು ಬಗ್ಗಿ ಚಪ್ಪಲಿ ಹಾಕಿಕೊಂಡೆ.

ಗಂಡನಿಲ್ಲದವರಿಗೆ ಉಡಿ ತುಂಬುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಈ ಪದ್ಧತಿ ತಪ್ಪು ಎಂದು ಮೈಕಿನ ಮುಂದೆ ಎಷ್ಟು ಸಲ ಗಂಟಲು ಹರಿದುಕೊಂಡಿದ್ದೇನೋ. ಅಂಥ ನನಗೆ ಉಡಿ ತಪ್ಪಿದ್ದಕ್ಕೆ ಬೇಜಾರಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಐದು ಹಿಡಿ ಅಕ್ಕಿಗೆ ಅಳುತ್ತೀಯಾ ಎಂದು ಬಸ್ಸಿನಲ್ಲಿ ನನ್ನನ್ನೇ ಗದರಿಕೊಂಡೆ. ಅತ್ತದ್ದಂತೂ ಹೌದು. ಆಮೇಲೆ ಸಾಸ್ವೆಹಳ್ಳಿಗೆ ಹೋಗಲಿಲ್ಲ. ಅಣ್ಣ ಕರೆದಾಗಲೆಲ್ಲ ಬರವಣಿಗೆ ಇದೆ ಎಂದೆ. ಹೋದರೆ ಹೊರಡಬೇಕಾಗುತ್ತದೆ, ಹೊರಡುವಾಗ ಆ ಗಳಿಗೆ ಮತ್ತೆ ಬರುತ್ತದೆ. ಹೀಗೆ ಒಂದೊಂದೇ ಹಬ್ಬ ತಪ್ಪಿಸುತ್ತಾ ತಪ್ಪಿಸುತ್ತಾ ನನಗೆ ತವರು ಇಲ್ಲದಂತಾಗುತ್ತಿತ್ತು. ಅದನ್ನು ಯಾರ ಮುಂದೆಯೂ ಹೇಳಲಿಲ್ಲ.

ಈಗ ಕಾದಂಬರಿಯ ಹದಿನಾಲ್ಕನೆಯ ಅಧ್ಯಾಯಕ್ಕೆ ಬರುತ್ತೇನೆ. ಅದರಲ್ಲಿ ಮಂಡಕ್ಕಿ ಅಂಗಡಿಯವಳು ಬಿಳಿಚೋಡಿನ ತವರಿಗೆ ಹೋಗುತ್ತಾಳೆ. ಅವಳಿಗೂ ಒಬ್ಬ ಅಣ್ಣ, ಒಬ್ಬ ಅತ್ತಿಗೆ. ಆ ಅತ್ತಿಗೆಗೆ ಒಂದು ಬಂಗಾರದ ಹಲ್ಲು ಹಾಕಿಸಿದ್ದೆ. ಎಡಪುಟದಲ್ಲಿ ನಾನು ಬರೆದುಕೊಂಡಿದ್ದದ್ದು ‘ತವರಿನಲ್ಲಿ ಎರಡು ದಿನ ಸಂತೋಷ’ ಎಂದು. ಆದದ್ದೇ ಬೇರೆ. ಹೊರಡುವಾಗ ಬಂಗಾರದ ಹಲ್ಲಿನವಳು ಒಳಗೆ ಹೋದಳು, ಬರಿಗೈಯಲ್ಲಿ ಬಂದಳು. ಉಡಿ ತುಂಬಲಿಲ್ಲ. ನನ್ನವಳು ಬರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದು, ಹನ್ನೊಂದು ವರ್ಷ ಆ ಹೊಸ್ತಿಲು ತುಳಿಯಲಿಲ್ಲ. ಯಾಕೆ ಉಡಿ ತುಂಬಲಿಲ್ಲ ಎಂದು ನಾನು ಕಾರಣವನ್ನೂ ಬರೆಯಲಿಲ್ಲ.

ಅದನ್ನು ಬರೆಯುವಾಗ ನಮ್ಮ ಅತ್ತಿಗೆ ನನ್ನ ನೆನಪಿಗೇ ಬಂದಿರಲಿಲ್ಲ. ಬೇಕಾದರೆ ಆಣೆ ಮಾಡುತ್ತೇನೆ. ಆಣೆ ಮಾಡಿದರೂ ಅದು ನಿಜವೇ ಎಂದು ಈಗ ನನಗೇ ಅನುಮಾನ.

ಆ ಅಧ್ಯಾಯ ಅಚ್ಚಾದ ಗುರುವಾರ ಅತ್ತಿಗೆಯ ಫೋನು ಬರಲಿಲ್ಲ. ಮುಂದಿನ ಗುರುವಾರವೂ ಬರಲಿಲ್ಲ. ಮೂರನೆಯ ವಾರ ಅಣ್ಣನ ಫೋನು ಬಂತು. ಅಣ್ಣ ಪತ್ರಿಕೆಯಲ್ಲಿ ಅಡಿಕೆ ರೇಟು ಬಿಟ್ಟು ಬೇರೇನೂ ಓದುವವನಲ್ಲ.

“ಏನು ಬರ್ದೆ ನೀನು? ನಿಮ್ಮತ್ತಿಗೆ ಸರಿಯಾಗಿ ಉಣ್ತಿಲ್ಲ. ಕೇಳಿದ್ರೆ ಆ ಪೇಪರ್ ತೋರಿಸ್ತಾಳೆ.”

“ಅಣ್ಣಾ, ಅದು ಕತೆ. ಕತೆಯಲ್ಲಿರೋ ಅತ್ತಿಗೆ ತೆಳ್ಳಗಿದಾಳೆ, ಬಂಗಾರದ ಹಲ್ಲಿದೆ, ಬಿಳಿಚೋಡಿನಲ್ಲಿದಾಳೆ. ಒಂದಾದರೂ ಹೋಲುತ್ತಾ ಹೇಳು.”

“ಹಂಗಾದ್ರೆ ಇವಳ್ಯಾಕೆ ಅಳ್ತಾಳೆ?”

ಅಣ್ಣನ ಮೇಲೆ ರೇಗಿದೆ. ಹೀಗೆಲ್ಲ ಅಂದುಕೊಂಡರೆ ಯಾರೂ ಏನೂ ಬರೆಯುವ ಹಾಗಿಲ್ಲ ಎಂದು ಭಾಷಣ ಬಿಗಿದೆ. ಅಣ್ಣ ಪೂರ್ತಿ ಕೇಳಿಸಿಕೊಂಡು, ಸರಿ, ಫೋನ್ ಇಡ್ಲಾ ಎಂದ.

ಅತ್ತ ಪತ್ರಿಕೆಯ ಸಂಪಾದಕರು ಕೊನೆಯ ಅಧ್ಯಾಯ ಕಳಿಸಿ ಎಂದು ಬೆನ್ನು ಹತ್ತಿದ್ದರು. ಹನ್ನೊಂದು ವರ್ಷದ ಮೇಲೆ ಅಣ್ಣನ ಮಗಳ ಮದುವೆಗೆ ಕರೆ ಬಂದು ನನ್ನವಳು ಬಿಳಿಚೋಡಿಗೆ ಹೋಗಿದ್ದಾಳೆ. ‘ಒಳಗೆ ಹೋಗುತ್ತಾಳೆ, ಎಲ್ಲರೂ ಒಂದಾಗುತ್ತಾರೆ’ ಎಂದು ಎಡಪುಟ ಹೇಳುತ್ತಿತ್ತು. ಮೂರು ಸಲ ಬರೆದೆ. ಮೂರು ಸಲವೂ ಹೊಸ್ತಿಲ ಹೊರಗೆ ಬಂದು ನಿಂತುಬಿಟ್ಟಳು. ಕೈ ಹಿಡಿದು ಎಳೆದರೂ ಬರಲಿಲ್ಲ. ಸಾಯಿಸಿಬಿಡಲೇ ಎಂದೂ ಒಮ್ಮೆ ಯೋಚಿಸಿದೆ. ಅಷ್ಟು ಸಿಟ್ಟು ಬಂದಿತ್ತು. ಆಮೇಲೆ ನನಗೇ ಭಯವಾಗಿ ನೋಟ್‌ಬುಕ್ ಮುಚ್ಚಿಟ್ಟೆ.

ಇಷ್ಟರಲ್ಲಿ ಒಂದು ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಾಗಿಲಲ್ಲಿ ಅತ್ತಿಗೆ! ಹೇಳಿಲ್ಲ, ಕೇಳಿಲ್ಲ. ಅವರ ತವರು ಉಬ್ರಾಣಿ, ಅಲ್ಲಿಗೆ ಹೊರಟವರು ನಡುವೆ ಚನ್ನಗಿರಿಯಲ್ಲಿ ಇಳಿದಿದ್ದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ನೀರು ಕುಡಿದು, ಫ್ಯಾನಿನ ಕೆಳಗೆ ಕೂತು, ಕುಶಲವನ್ನೂ ಕೇಳದೆ ಕೇಳಿದರು:

“ಅವಳು ಈಗ ಎಲ್ಲಿದಾಳೆ?”

“ಯಾರು ಅತ್ತಿಗೆ?”

“ಇನ್ಯಾರು, ನಿನ್ನ ಮಿರ್ಚಿಯವಳು.”

“ತವರಿನ ಬಾಗಿಲಲ್ಲಿ ನಿಂತಿದಾಳೆ. ಒಳಗೆ ಹೋಗ್ತಾ ಇಲ್ಲ.”

“ಎಷ್ಟು ದಿನ ಆತು?”

“ಹದಿನೈದು ದಿನ.”

“ಅಯ್ಯೋ ಶಿವನೇ! ಹದಿನೈದು ದಿನದಿಂದ ನಿಲ್ಸಿದೀಯಾ? ಕಾಲು ನೋಯಲ್ವಾ ಆ ಹೆಣ್ಣುಮಗಳಿಗೆ? ಯಾರಾದ್ರೂ ಒಂದು ಲೋಟ ನೀರಾದ್ರೂ ಕೊಟ್ರಾ?”

ಕೊಟ್ಟಿಲ್ಲ ಎಂದು ಒಪ್ಪಿಕೊಂಡೆ. ಅತ್ತಿಗೆ ಗಂಟನ್ನು ಮಡಿಲಿಗೆ ಎಳೆದುಕೊಂಡರು.

“ಆ ಬಂಗಾರದ ಹಲ್ಲಿನವಳು ಉಡಿ ತುಂಬ್ದೆ ಕಳಿಸಿದ್ಲಲ್ಲ, ಅವತ್ತು ಒಳಗೆ ಹೋದ್ಲು ಅಂತ ಬರ್ದೀಯ. ಒಳಗೆ ಏನ್ ಮಾಡಿದ್ಲು ಅಂತ ಬರ್ದಿಲ್ಲ.”

ನಾನು ತಬ್ಬಿಬ್ಬಾದೆ. ಹೌದು, ಬರೆದಿರಲಿಲ್ಲ. ಜಗಳೂರಿನ ಬಾಣಲೆಯಲ್ಲಿ ಎಣ್ಣೆ ಎಷ್ಟು ಹಳೆಯದು ಎಂಬುದು ನನಗೆ ಗೊತ್ತಿತ್ತು. ಬಿಳಿಚೋಡಿನ ಆ ಅಡುಗೆಮನೆಯೊಳಗೆ ಮಾತ್ರ ನಾನು ಕಾಲಿಟ್ಟೇ ಇರಲಿಲ್ಲ.

“ನಾನು ಹೇಳ್ತೀನಿ ಕೇಳು,” ಎಂದರು ಅತ್ತಿಗೆ. “ಮೊರದಾಗೆ ಅಕ್ಕಿ ಹಾಕಿದ್ಲು. ಕೊಬ್ರಿ ಬಟ್ಲು, ಎಲೆ ಅಡಿಕೆ, ಕಣ, ಎಲ್ಲಾ ಜೋಡಿಸಿದ್ಲು. ಎತ್ಕೊಂಡು ಬಾಗಿಲ ತಂಕ ಬಂದ್ಲು. ಪಡಸಾಲೇಲಿ ಪಕ್ಕದ ಮನೆ ದೊಡ್ಡಮ್ಮ ಕೂತಿತ್ತು, ಅದರ ಬಾಯಿ ಎಂಥದ್ದು ಅಂತ ಊರಿಗೇ ಗೊತ್ತೈತೆ. ಅದಾದ್ರೂ ಹೋಗ್ಲಿ. ಗಂಡಂಗೆ ಸ್ಟೆಂಟ್ ಹಾಕ್ಸಿ ತಿಂಗಳಾಗಿರ್ಲಿಲ್ಲ, ಒಳಗೆ ಮಲಗಿದ್ರು. ನಾನೇನಾದ್ರೂ ಹೆಚ್ಚುಕಡಿಮೆ ಮಾಡಿ ಇವರಿಗೆ ಏನಾದ್ರೂ ಆದ್ರೆ ಅಂತ ಕೈಕಾಲು ತಣ್ಣಗಾತು ಅವಳಿಗೆ. ಮೊರ ಕೆಳಗಿಟ್ಲು.”

“ಅತ್ತಿಗೆ, ನೀವು ಯಾವ ಅತ್ತಿಗೆ ವಿಷಯ ಹೇಳ್ತಾ ಇದೀರಿ?”

“ಆ ಬಂಗಾರದ ಹಲ್ಲಿನವಳ್ದು!” ಎಂದು ಜೋರು ಮಾಡಿದರು.

ಕಾದಂಬರಿಯಲ್ಲಿ ಬಂಗಾರದ ಹಲ್ಲಿನವಳ ಗಂಡ ಕುರಿ ಸಾಕಿಕೊಂಡು ಗಟ್ಟಿಮುಟ್ಟಾಗಿದ್ದಾನೆ, ಅವನಿಗೆ ಕೆಮ್ಮೂ ಇಲ್ಲ. ನಾನು ಅದನ್ನು ಹೇಳಲಿಲ್ಲ. ಬೇರೆ ಮಾತು ಬಾಯಿಗೆ ಬಂತು.

“ಹೆದರಿಕೆ ಆಗ್ತಿದೆ ಅಂತ ಅವಳಿಗೆ ಒಂದು ಮಾತು ಹೇಳಬಹುದಿತ್ತಲ್ಲ. ಅವಳೇನು ಹುಲಿನಾ?”

“ಹೆಂಗೆ ಹೇಳ್ತಾಳೆ? ಗಂಡನ್ನ ಕಳ್ಕೊಂಡು ಬಂದವಳ ಮುಂದೆ, ನನ್ನ ಗಂಡ ಎಲ್ಲಿ ಸಾಯ್ತಾನೋ ಅಂತ ಹೆದ್ರಿಕೆ ಆಗ್ತೈತೆ ಅಂತ ಹೇಳಾಕೆ ಆಗುತ್ತಾ?”

“ಅತ್ತಿಗೆ, ಅವಳ ಗಂಡ ಬದುಕಿದಾನೆ,” ಎಂದೆ ಮೆಲ್ಲಗೆ. “ಕಡಲೆಹಿಟ್ಟು ಕಲಸ್ತಾನೆ.”

ಅತ್ತಿಗೆ ನನ್ನ ಮುಖ ನೋಡಿದರು. ಕಣ್ಣು ತುಂಬಿತ್ತು. ಆಮೇಲೆ ತಲೆ ಬಗ್ಗಿಸಿ ಗಂಟು ಬಿಚ್ಚತೊಡಗಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ, ಅಡಿಕೆ, ಹಸಿರು ಕಣ.

“ಸೆರಗು ಒಡ್ಡು.”

“ಯಾರಿಗೆ?”

“ಅವಳಿಗೆ. ನಿಂಗಲ್ಲ. ಅವಳು ಮುತ್ತೈದೆ, ತುಂಬಾಕೆ ಯಾವ ಅಡ್ಡಿನೂ ಇಲ್ಲ. ನೀನು ಇಸ್ಕೊಂಡು ತಲುಪಿಸು.”

ನನಗೆ ಮೈಯೆಲ್ಲ ಉರಿಯಿತು. ಮೂರೂವರೆ ವರ್ಷ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಇಲ್ಲದವಳ ಹೆಸರಿನಲ್ಲಿ ನನಗೆ ಉಡಿ ಬೇಡ, ತುಂಬುವುದಾದರೆ ಹೀಗೆ ಇರುವ ನನಗೇ ತುಂಬಿ, ಇಲ್ಲದಿದ್ದರೆ ಎತ್ತಿಕೊಂಡು ಹೋಗಿ ಎಂದು ಕೂಗಿದೆ. ಬೀದಿಗೆ ಕೇಳಿಸಿರಬೇಕು. ಅತ್ತಿಗೆ ಕೂತಲ್ಲಿಂದ ಅಲ್ಲಾಡಲಿಲ್ಲ.

“ನಂಗೆ ಇರೋದೇ ಇಷ್ಟು ಧೈರ್ಯ ಕಣವ್ವ,” ಎಂದರು. “ಇವತ್ತಿಗೆ ಇಷ್ಟು ತಗೋ.”

ಏನು ಮಾಡಬೇಕಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಭೆಯಲ್ಲಿ ಭಾಷಣ ಮಾಡುವವಳು ಬೇಡ ಅನ್ನಬೇಕಿತ್ತು. ನಾನು ನೈಟಿಯಲ್ಲಿದ್ದೆ, ನೈಟಿಗೆ ಸೆರಗು ಎಲ್ಲಿಂದ ಬರಬೇಕು? ಒಳಗೆ ಹೋಗಿ ಬೀರು ತೆರೆದು ನಿಂತೆ. ನನ್ನ ಕೈ ಒಂದು ಎಣ್ಣೆ ಕಲೆಯ ಸೀರೆಯನ್ನು ಹುಡುಕುತ್ತಿತ್ತು. ಅಂಥದ್ದು ನನ್ನ ಹತ್ತಿರ ಇಲ್ಲವೇ ಇಲ್ಲ ಎಂಬುದು ಸುಮಾರು ಹೊತ್ತಿನ ಮೇಲೆ ಹೊಳೆಯಿತು. ಸಿಕ್ಕಿದ್ದನ್ನು ಉಟ್ಟುಕೊಂಡು ಬಂದು ಸೆರಗು ಒಡ್ಡಿದೆ. ಅತ್ತಿಗೆ ಐದು ಸಲ ಬೊಗಸೆಯಲ್ಲಿ ಅಕ್ಕಿ ಹಾಕಿದರು. ಆ ಭಾರ ಯಾರ ಉಡಿಗೆ ಬಿತ್ತು, ಅವಳದಕ್ಕೋ ನನ್ನದಕ್ಕೋ ಎಂದು ಅತ್ತಿಗೆಯನ್ನು ಕೇಳುವ ಧೈರ್ಯ ನನಗೂ ಇರಲಿಲ್ಲ. ಮೊದಲು ಸಂತೋಷವಾಯಿತು, ಅದರ ಮೇಲೆ ಸಿಟ್ಟು ಬಂತು, ಮತ್ತೆ ಸಂತೋಷವಾಯಿತು.

ಉಡಿ ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿಯನ್ನು ತವರಿನ ಅಕ್ಕಿಗೆ ವಾಪಸ್ ಹಾಕಿ ಹೊರಡಬೇಕು, ತವರು ಬರಿದಾಗಬಾರದು ಎಂದು. ನಾನು ಒಂದು ಹಿಡಿ ತೆಗೆದು ಅವರ ಗಂಟಿನ ಬಟ್ಟೆಗೆ ಹಾಕಲು ಹೋದರೆ ಅತ್ತಿಗೆ ಬಟ್ಟೆ ಹಿಂದಕ್ಕೆಳೆದುಕೊಂಡರು.

“ನಾನು ಒಯ್ಯಲ್ಲ. ಅದನ್ನ ಮಗಳೇ ಬಂದು ಹಾಕ್ಬೇಕು,” ಎಂದು ಚಪ್ಪಲಿ ಮೆಟ್ಟಿ ಉಬ್ರಾಣಿ ಬಸ್ಸಿಗೆ ಹೊರಟುಹೋದರು. ಯಾವ ಮಗಳು ಎಂದು ಹೇಳಲಿಲ್ಲ.

ಅವರು ಹೋದ ಮೇಲೆ ಉಟ್ಟ ಸೀರೆಯಲ್ಲೇ ಕೂತು ಕೊನೆಯ ಅಧ್ಯಾಯ ಬರೆದೆ. ಹೊಸ್ತಿಲ ಹೊರಗೆ ನಿಂತವಳನ್ನು ಅಲ್ಲೇ ಬಿಟ್ಟು ಬಂಗಾರದ ಹಲ್ಲಿನವಳ ಅಡುಗೆಮನೆಗೆ ಹೋದೆ. ಅಲ್ಲಿ ಮೊರವಿತ್ತು, ಅಕ್ಕಿ ಇತ್ತು, ನಾನು ನೋಡಿರದ ಒಬ್ಬ ಹೆಂಗಸು ಒಲೆಯ ಮುಂದೆ ಹೆದರಿ ಕೂತಿದ್ದಳು. ಅವಳು ಎದ್ದು ಒಂದು ಲೋಟ ನೀರು ತೆಗೆದುಕೊಂಡು ಹೊರಗೆ ಬಂದಳು. ನನ್ನವಳು ಕುಡಿದಳು, ಲೋಟ ಒಳಗಿಡಲು ಹೋದಳು. ಸಂಪಾದಕರು ಓದಿ ಫೋನು ಮಾಡಿದರು. ಅವಳು ಒಳಗೆ ಹೋದದ್ದು ಕ್ಷಮಿಸಿಯೋ, ಬರೇ ಲೋಟ ಇಡುವುದಕ್ಕೋ, ಸ್ಪಷ್ಟವಾಗಿಲ್ಲ ಮೇಡಂ ಎಂದರು. ನನಗೂ ಸ್ಪಷ್ಟವಾಗಿಲ್ಲ, ಹಾಗೇ ಹಾಕಿ ಎಂದೆ.

ಮರುವಾರ ಒಂದು ಹಿಡಿ ಅಕ್ಕಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೊರಟೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಅಭ್ಯಾಸ ಬಲದಿಂದ ಪಕ್ಕಕ್ಕೆ ನೋಡಿದೆ. ಒಂದೂವರೆ ವರ್ಷ ನಾನು ಎಲ್ಲಿಗೆ ಹೋದರೂ ಜೊತೆಗೇ ಬರುತ್ತಿದ್ದ ಮಿರ್ಚಿಯವಳು ಆವತ್ತು ಬಂದಿರಲಿಲ್ಲ. ಕಾದಂಬರಿ ಮುಗಿದರೆ ಪಾತ್ರಗಳು ಬಿಟ್ಟುಹೋಗುವುದು ಹೊಸದೇನಲ್ಲ. ಆದರೆ ಅವಳ ಅಕ್ಕಿ ನನ್ನ ಕೈಯಲ್ಲಿದೆ, ಅವಳೇ ಇಲ್ಲ. ಇದನ್ನು ನಾನು ಯಾವ ಮುಖ ಇಟ್ಟುಕೊಂಡು ಹಾಕಲಿ? ವಾಪಸ್ ಹೋಗಿಬಿಡೋಣ ಅನ್ನಿಸಿತು. ಸಾಸ್ವೆಹಳ್ಳಿ ಬಸ್ಸು ಬಂತು. ಒಬ್ಬಳೇ ಹತ್ತಿದೆ.

ಪಡಸಾಲೆಯಲ್ಲಿ ಅಣ್ಣ ಕುರ್ಚಿಯಲ್ಲಿ ಕೂತಿದ್ದ. ಪಕ್ಕದ ಮನೆಯ ದೊಡ್ಡಮ್ಮ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಒಳಗೆ ಕಾಲಿಡುವ ಮೊದಲೇ ಅವರ ಕಣ್ಣು ಕರ್ಚೀಫಿನ ಗಂಟಿನ ಮೇಲೆ ಬಿತ್ತು.

“ಏನವ್ವ ಅದು ಕೈಯಾಗೆ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಕಾಣಿಸಿಕೊಂಡರು.

“ಉಡಿ ಅಕ್ಕಿ. ಡಬ್ಬಿಗೆ ಹಾಕಾಕೆ ತಂದಾಳೆ.”

“ಉಡಿ ಅಕ್ಕಿನಾ? ಯಾರ್ದು?”

ಜಗಳೂರಿನವಳದು ಎಂದು ಹೇಳುತ್ತಾರೆ ಎಂದುಕೊಂಡೆ. ಹೇಳಲಿ, ನಾನೂ ಹೌದು ಎಂದು ತಲೆಯಾಡಿಸಿಬಿಡುತ್ತೇನೆ ಎಂದು ಸಿದ್ಧಳಾಗಿದ್ದೆ. ಅತ್ತಿಗೆಯ ಕಣ್ಣು ಒಮ್ಮೆ ಅಣ್ಣ ಕೂತಿದ್ದ ಕಡೆ ಹೋಗಿ ಬಂತು. ಸೆರಗಿಗೆ ಕೈ ಒರೆಸಿಕೊಂಡರು.

“ನಮ್ಮನೆ ಮಗಳ್ದು,” ಎಂದರು. “ನಾನೇ ತುಂಬಿದ್ದು.”

ದೊಡ್ಡಮ್ಮನ ಕೈಯಲ್ಲಿ ಎಲೆ ಹಾಗೆಯೇ ನಿಂತಿತು. ನಾನು ಅಡುಗೆಮನೆಗೆ ಹೋದೆ. ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯಲು ನನ್ನ ಕೈಯಲ್ಲಿ ಆಗಲಿಲ್ಲ. ಅತ್ತಿಗೆ ಬಂದು ತೆಗೆದುಕೊಟ್ಟರು.